‘ಯಾಕೆ ತಿರುಗಿಸಬೇಕು ಟೀಚರ್?’

ಓದುಗರ ಪತ್ರ: ನಾನು ಡಿ.ಎಲ್.ಇಡಿ (ಪ್ರಾಥಮಿಕ ಶಿಕ್ಷಕರ ತರಬೇತಿ) ಎರಡನೇ ವರ್ಷದಲ್ಲಿದ್ದೇನೆ. ಪಿಯುಸಿಯಲ್ಲಿ ಆರ್ಟ್ಸ್. ಗಣಿತದ ಸಹವಾಸ ಎಸ್ಸೆಸ್ಸೆಲ್ಸಿಗೇ ಮುಗಿದಿತ್ತು, ಅದೂ ಲೆಕ್ಕಗಳನ್ನು ಬಾಯಿಪಾಠ ಮಾಡಿ ಪಾಸಾದದ್ದು. ಮೊನ್ನೆ ಬೋಧನಾಭ್ಯಾಸಕ್ಕೆ ಹೋದಾಗ ಏಳನೇ ತರಗತಿಗೆ ಭಿನ್ನರಾಶಿಯ ಭಾಗಾಕಾರ ಮಾಡಿಸಿದೆ. ‘ಎರಡನೇದನ್ನು ತಿರುಗಿಸಿ ಗುಣಿಸಿ’ ಅಂದೆ. ಒಬ್ಬ ಹುಡುಗ ‘ಯಾಕೆ ತಿರುಗಿಸಬೇಕು ಟೀಚರ್?’ ಎಂದು ಕೇಳಿದ. ‘ನಿಯಮ ಇರೋದೇ ಹಾಗೆ’ ಎಂದು ಕೂರಿಸಿದೆ. ಅವತ್ತಿನಿಂದ ಮನಸ್ಸಿಗೆ ಸಮಾಧಾನವಿಲ್ಲ. ಆರ್ಟ್ಸ್ ಓದಿದವರು ಗಣಿತ ಕಲಿಸಬಾರದಾ? ಟಿಇಟಿಗೆ (ಶಿಕ್ಷಕರ ಅರ್ಹತಾ ಪರೀಕ್ಷೆ) ಯಾವ ಗೈಡ್ ಓದಲಿ? (ಹೆಸರು ಹಾಕಬೇಡಿ)

ಸಂಪಾದಕರ ಉತ್ತರ: ಹೆಸರು ಹಾಕಿಲ್ಲ, ಚಿಂತೆ ಬಿಡಿ. ಆ ಹುಡುಗನ ಹೆಸರನ್ನೂ ತೆಗೆದಿದ್ದೇವೆ. ಅವನ ಪ್ರಶ್ನೆ ಮಾತ್ರ ತುಂಬ ಒಳ್ಳೆಯದು, ಅದಕ್ಕೇ ಈ ಉತ್ತರ ಉದ್ದವಾಗಿದೆ.

ಮೊದಲು ಆರ್ಟ್ಸ್ ವಿಚಾರ. ಲಿಪಿಂಗ್ ಮಾ ಎಂಬ ಸಂಶೋಧಕಿ ಅಮೆರಿಕದ 23 ಮತ್ತು ಚೀನಾದ 72 ಪ್ರಾಥಮಿಕ ಶಿಕ್ಷಕರ ಮುಂದೆ ಕೆಲವು ಲೆಕ್ಕ ಇಟ್ಟರು. 1999ರಲ್ಲಿ ಅದು ಪುಸ್ತಕವಾಗಿ ಬಂತು. ಒಂದು ಲೆಕ್ಕ ನಿಮ್ಮದೇ ಪಾಠದ್ದು: 1¾ ÷ ½. ಉತ್ತರ ಹೇಳಬೇಕು, ಜೊತೆಗೆ ಆ ಲೆಕ್ಕಕ್ಕೆ ಹೊಂದುವ ಒಂದು ಕಥೆಯನ್ನೂ ಕಟ್ಟಬೇಕು. ಅಮೆರಿಕದ ಶಿಕ್ಷಕರಲ್ಲಿ ಅರ್ಧದಷ್ಟು ಜನಕ್ಕೂ ಸರಿ ಉತ್ತರ ಬರಲಿಲ್ಲ. ಸರಿಯಾದ ಕಥೆ ಕಟ್ಟಿದವರು ಒಬ್ಬರೇ. ಚೀನಾದವರು ಎಲ್ಲರೂ ಸರಿ ಉತ್ತರ ಕೊಟ್ಟರು, ಹತ್ತರಲ್ಲಿ ಒಂಬತ್ತು ಮಂದಿ ಕಥೆಯನ್ನೂ ಕಟ್ಟಿದರು. ಈಗ ಓದಿನ ಲೆಕ್ಕ ನೋಡಿ. ಅಮೆರಿಕದವರು ಡಿಗ್ರಿ ಮುಗಿಸಿದವರು. ಚೀನಾದ ಆ ಶಿಕ್ಷಕರಲ್ಲಿ ಹೆಚ್ಚಿನವರು ಒಂಬತ್ತು ವರ್ಷ ಶಾಲೆ ಓದಿ, ಎರಡು ಮೂರು ವರ್ಷ ಶಿಕ್ಷಕರ ತರಬೇತಿ ಪಡೆದವರು, ಅಷ್ಟೇ. ನೀವು ಅವರಿಗಿಂತ ಜಾಸ್ತಿಯೇ ಓದಿದ್ದೀರಿ. ಕ್ಯಾಲ್ಕುಲಸ್ ಬರದಿದ್ದರೆ ಪ್ರಾಥಮಿಕ ಶಾಲೆಗೆ ಏನೂ ನಷ್ಟವಿಲ್ಲ. ನೀವು ಒಂದರಿಂದ ಏಳನೇ ತರಗತಿವರೆಗಿನ ಗಣಿತವನ್ನೇ ಮತ್ತೊಮ್ಮೆ ಕಲಿಯಬೇಕು, ಈ ಸಲ ‘ಯಾಕೆ’ ಎಂದು ಕೇಳುತ್ತಾ.

ಹುಡುಗನ ಪ್ರಶ್ನೆಗೆ ಬರೋಣ. ಮುಂದೆ ಓದುವ ಮೊದಲು 1¾ ÷ ½ಕ್ಕೆ ನೀವೇ ಒಂದು ಕಥೆ ಕಟ್ಟಿ ನೋಡಿ. ಬಹಳ ಜನ ‘ಒಂದೂ ಮುಕ್ಕಾಲು ರೊಟ್ಟಿಯನ್ನು ಇಬ್ಬರಿಗೆ ಸಮನಾಗಿ ಹಂಚು’ ಎನ್ನುತ್ತಾರೆ. ಅದು ಎರಡರಿಂದ ಭಾಗಿಸಿದ ಹಾಗೆ, ಅರ್ಧದಿಂದ ಅಲ್ಲ. ಭಾಗಾಕಾರ ಎಂದರೆ ಹಂಚುವುದು ಎಂದಷ್ಟೇ ಕಲಿತಿರುತ್ತೇವೆ. ‘ಅರ್ಧ ಜನಕ್ಕೆ’ ಹಂಚುವುದು ಹೇಗೆ? ಅಲ್ಲೇ ದಾರಿ ತಪ್ಪುತ್ತದೆ. ಭಾಗಾಕಾರಕ್ಕೆ ಇನ್ನೊಂದು ಅರ್ಥವೂ ಇದೆಯಲ್ಲ: ಇದರಲ್ಲಿ ಅದು ಎಷ್ಟು ಸಲ ಇದೆ? 12 ÷ 3 ಎಂದರೆ 12 ಲಾಡುಗಳನ್ನು ಮೂವರಿಗೆ ಹಂಚುವುದೂ ಹೌದು, 12 ಲಾಡುಗಳಿಂದ ಮೂರು ಮೂರರ ಎಷ್ಟು ಪೊಟ್ಟಣ ಆಗುತ್ತವೆ ಎಂಬುದೂ ಹೌದು.

ಈಗ ಒಂದೂ ಮುಕ್ಕಾಲು ಲೀಟರ್ ಹಾಲಿದೆ ಎನ್ನಿ. ಅರ್ಧ ಲೀಟರಿನ ಪ್ಯಾಕೆಟ್ ಎಷ್ಟು ತುಂಬಬಹುದು? ಮೂರು ತುಂಬುತ್ತವೆ, ಕಾಲು ಲೀಟರ್ ಉಳಿಯುತ್ತದೆ. ಕೆಲವು ಮಕ್ಕಳು ‘ಮೂರೂ ಕಾಲು’ ಎನ್ನುತ್ತಾರೆ. ಬೈಯಬೇಡಿ, ಅವರು ಲೀಟರ್ ಎಣಿಸುತ್ತಿದ್ದಾರೆ. ನಾವು ಎಣಿಸುತ್ತಿರುವುದು ಪ್ಯಾಕೆಟ್. ಉಳಿದ ಕಾಲು ಲೀಟರ್ ಅರ್ಧ ಪ್ಯಾಕೆಟ್ ಆಗುತ್ತದೆ. ಹಾಗಾಗಿ ಮೂರೂವರೆ.

ಹಾಗಾದರೆ ತಿರುಗಿಸುವುದು ಯಾಕೆ? ಮೊದಲು ಒಂದೇ ಒಂದು ಲೀಟರಿನ ಬಗ್ಗೆ ಕೇಳಿ. ಅದರಲ್ಲಿ ಅರ್ಧ ಲೀಟರಿನ ಪ್ಯಾಕೆಟ್ ಎರಡು. ಹಾಗಾದರೆ ಒಂದೂ ಮುಕ್ಕಾಲು ಲೀಟರಿನಲ್ಲಿ ಅದರ ಒಂದೂ ಮುಕ್ಕಾಲು ಪಟ್ಟು: 1¾ × 2. ‘ಇದು ½ಕ್ಕೆ ಸರಿ, ಬೇರೆಯದಕ್ಕೆ?’ ಎಂದು ಆ ಹುಡುಗ ಕೇಳದೇ ಬಿಡುವುದಿಲ್ಲ. ಕೇಳಲಿ. ⅔ ಲೀಟರ್ ಹಿಡಿಯುವ ಪಾತ್ರೆ ತಗೊಳ್ಳಿ. ಒಂದು ಲೀಟರಿನಿಂದ ಅದನ್ನು ಒಮ್ಮೆ ತುಂಬಿದರೆ ⅓ ಲೀಟರ್ ಉಳಿಯುತ್ತದೆ, ಅದು ಪಾತ್ರೆಯ ಅರ್ಧ. ಅಂದರೆ ಒಂದು ಲೀಟರಿಗೆ ಒಂದೂವರೆ ಪಾತ್ರೆ, 3/2. ತಿರುಗಿಸಿದ ಸಂಖ್ಯೆ ತಾನಾಗಿ ಬಂತು ನೋಡಿ. ‘ಒಂದರಲ್ಲಿ ಎಷ್ಟು ಸಲ’ ಎಂಬುದರ ಉತ್ತರವೇ ಅದು. ಬೋರ್ಡಿನ ಮೇಲೆ ಉದ್ದನೆಯ ಪಟ್ಟಿ ಬರೆದು ತೋರಿಸಿ, ಇದಕ್ಕೆ ಬೇರೆ ಚಾರ್ಟ್ ಏನೂ ಬೇಡ.

ಚಾರ್ಟ್ ಎಂದಾಗ ಒಂದು ಮಾತು. ಬಣ್ಣದ ಪೆನ್ನಿನಲ್ಲಿ ಅಂಚು ಹಾಕಿ, ಸೀನಿಯರ್ ಕೊಟ್ಟ ಪಾಠಯೋಜನೆಯನ್ನೇ ನಕಲು ಮಾಡಿ ರೆಕಾರ್ಡ್ ತುಂಬಿಸುವುದರಲ್ಲಿ ಎಷ್ಟು ಸಂಜೆಗಳು ಹೋಗುತ್ತವೆ ಎಂದು ನಿಮಗೇ ಗೊತ್ತು. ಅದರಲ್ಲಿ ವಾರಕ್ಕೆ ಒಂದು ಗಂಟೆ ತೆಗೆದು, ನಿಮ್ಮ ಬ್ಯಾಚಿನವರೆಲ್ಲ ಸೇರಿ ಪ್ರಾಥಮಿಕ ಶಾಲೆಯ ಒಂದೊಂದು ಲೆಕ್ಕವನ್ನು ಬಾಯಲ್ಲಿ ವಿವರಿಸಿದರೆ ಮಕ್ಕಳಿಗೆ ಎಷ್ಟೋ ಉಪಕಾರ. ಕಾಲೇಜುಗಳೇ ಇದನ್ನು ಮಾಡಿಸಬೇಕು ಎಂದು ನನ್ನ ಅಭಿಪ್ರಾಯ. ಮಾಡಿಸದಿದ್ದರೆ ನೀವು ನಾಲ್ಕು ಜನ ಸೇರಿ ಮಾಡಿ.

ಇನ್ನೊಂದು ಅಭ್ಯಾಸ ಬೆಳೆಸಿಕೊಳ್ಳಿ. ಮಕ್ಕಳ ತಪ್ಪು ಉತ್ತರಗಳನ್ನು ಕೂಡಿಡಿ. 402 – 178 ಕೊಟ್ಟರೆ ಒಂದು ಮಗು 376 ಎಂದು ಬರೆಯುತ್ತದೆ. ಕೆಂಪು ಗೀಟು ಹಾಕುವ ಮೊದಲು ಒಂದು ನಿಮಿಷ ನೋಡಿ. 8ರಲ್ಲಿ 2 ಕಳೆದು 6, 7ರಲ್ಲಿ ಸೊನ್ನೆ ಕಳೆದು 7, 4ರಲ್ಲಿ 1 ಕಳೆದು 3. ಪ್ರತಿ ಮನೆಯಲ್ಲೂ ದೊಡ್ಡದರಿಂದ ಚಿಕ್ಕದನ್ನು ಕಳೆದಿದೆ. ಮಗ್ಗಿ ಬರದ ಮಗುವಲ್ಲ ಅದು, ಕಳೆಯುವುದೂ ಚೆನ್ನಾಗಿಯೇ ಬರುತ್ತದೆ. ಮೇಲಿನ 402 ಒಂದೇ ಸಂಖ್ಯೆ ಎಂಬುದು ಅದಕ್ಕೆ ಕಾಣುತ್ತಿಲ್ಲ. ಇಂಥ ಮಗುವಿಗೆ ಇನ್ನೂ ಹತ್ತು ಕಳೆಯುವ ಲೆಕ್ಕ ಕೊಟ್ಟರೆ ಹತ್ತನ್ನೂ ಹಾಗೇ ತಪ್ಪು ಮಾಡಿಕೊಂಡು ಬರುತ್ತದೆ. ಬದಲಿಗೆ ಆಟದ ನೋಟು ಕೊಡಿ: ನೂರರದು ನಾಲ್ಕು, ಒಂದರದು ಎರಡು. ‘ಅಂಗಡಿಯವನಿಗೆ 178 ಕೊಡು’ ಎನ್ನಿ. ಒಂದು ನೂರನ್ನು ಹತ್ತು ಹತ್ತರ ನೋಟು ಮಾಡಿಸಬೇಕು, ಅದರಲ್ಲಿ ಒಂದು ಹತ್ತನ್ನು ಬಿಡಿ ಮಾಡಿಸಬೇಕು. ಚಿಲ್ಲರೆ ಮಾಡಿಸುವುದು ಹಳ್ಳಿ ಮಕ್ಕಳಿಗೆ ನಮಗಿಂತ ಚೆನ್ನಾಗಿ ಗೊತ್ತು. ಕೈಯಲ್ಲಿ 224 ಉಳಿದದ್ದನ್ನು ಕಂಡ ಮೇಲೆ ಅದನ್ನೇ ನೋಟ್‌ಬುಕ್ಕಿನಲ್ಲಿ ಬರೆಸಿ. ಗಣಿತ ಕಲಿಕಾ ಆಂದೋಲನ ಎಂಬ ಕಾರ್ಯಕ್ರಮದಲ್ಲಿ ಕೊಟ್ಟ ಗಣಿತ ಸಾಮಗ್ರಿಯ ಕಿಟ್ ಇರುವ ಸರ್ಕಾರಿ ಶಾಲೆಯಾದರೆ ಈ ನೋಟುಗಳು ಅದರಲ್ಲೇ ಸಿಗುತ್ತವೆ. ಬೀರುವಿನ ಕೀಲಿಕೈ ಯಾರ ಹತ್ತಿರ ಇದೆ ಎಂದು ಮೊದಲು ವಿಚಾರಿಸಿ!

ಇದೇ ಥರ 0.35 ದೊಡ್ಡದು, 0.5 ಚಿಕ್ಕದು ಎನ್ನುವವರು ಸಿಗುತ್ತಾರೆ. ಮುನ್ನೂರ ನಲವತ್ತೈದನ್ನು 300405 ಎಂದು ಬರೆಯುವವರೂ ಸಿಗುತ್ತಾರೆ. ಎಲ್ಲವನ್ನೂ ಬರೆದಿಡಿ.

ಇನ್ನು ಟಿಇಟಿ. ಪತ್ರಿಕೆ 1ರಲ್ಲಿ 150 ಅಂಕಗಳಿಗೆ ಗಣಿತದ್ದು 30. ಸಾಮಾನ್ಯ ವರ್ಗಕ್ಕೆ ಒಟ್ಟಿನಲ್ಲಿ ಶೇ. 60, ಅಂದರೆ 90 ಬಂದರೆ ಸಾಕು. ಗಣಿತದಲ್ಲೇ ಇಷ್ಟು ಬರಬೇಕು ಎಂಬ ಬೇರೆ ಗೆರೆಯಿಲ್ಲ. ಅಂದರೆ ಗಣಿತವನ್ನು ಬದಿಗಿಟ್ಟು ಉಳಿದದ್ದರಲ್ಲಿ ತೆಗೆದೂ ಪಾಸಾಗಬಹುದು. ನನಗೆ ಇದು ಸರಿ ಕಾಣುವುದಿಲ್ಲ, ಆದರೆ ನಿಯಮ ಹಾಗಿದೆ. ನಿಮ್ಮ ಮಟ್ಟಿಗೆ ಹೇಳುವುದಾದರೆ, ಯಾವುದಾದರೂ ಒಂದು ಗೈಡ್ ಸಾಕು, ಅದೂ ಕೊನೆಯ ಎರಡು ತಿಂಗಳು, ಸಮಯ ಹಿಡಿದು ಬಿಡಿಸುವ ರೂಢಿಗೆ. ಅಲ್ಲಿಯವರೆಗೆ ಸರ್ಕಾರಿ ಗಣಿತ ಪಠ್ಯಪುಸ್ತಕಗಳನ್ನೇ ಇಟ್ಟುಕೊಳ್ಳಿ. ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಅವು ಉಚಿತವಾಗಿ ಸಿಗುತ್ತವೆ. ಮೂರನೇ ತರಗತಿಯಿಂದ ಶುರುಮಾಡಿ, ನಾಚಿಕೆ ಬೇಡ. ಒಂದೊಂದು ನಿಯಮಕ್ಕೂ ಒಂದು ಕಥೆ, ಒಂದು ಚಿತ್ರ ನಿಮ್ಮದೇ ಆಗಿರಲಿ. ಕಥೆ ಹೊಳೆಯದೇ ಇದ್ದ ಕಡೆ ಪೆನ್ಸಿಲ್ ಗುರುತು ಹಾಕಿ. ಗೆಳತಿಯರನ್ನೋ ನಿಮ್ಮ ಗಣಿತದ ಮೇಷ್ಟ್ರನ್ನೋ ಕೇಳಬೇಕಾದದ್ದು ಆ ಗುರುತುಗಳನ್ನೇ.

ಬೋಧನಾಭ್ಯಾಸದ ದಿನಗಳು ಇನ್ನೂ ಉಳಿದಿದ್ದರೆ ಅದೇ ಏಳನೇ ತರಗತಿಗೆ ಮತ್ತೊಂದು ಪೀರಿಯಡ್ ಕೇಳಿ ಪಡೆಯಿರಿ. ನೀವು ಕೂಡಿಟ್ಟ ತಪ್ಪು ಉತ್ತರಗಳನ್ನು ಮಕ್ಕಳ ಹೆಸರಿಲ್ಲದೆ ನಮಗೂ ಕಳಿಸಿ, ಒಂದು ಪುಟ ಮೀಸಲಿಡುತ್ತೇವೆ.