ಪಂಚರ್ ಹಾಕಿಸಿದ ಮೇಲೆ ಆಲ್ಟೋ ಸ್ಟೀರಿಂಗ್ ನಡುಕ

ಸಂಡೂರು ರಸ್ತೆಯಲ್ಲಿ ಪಂಚರ್ ಹಾಕಿಸಿದ ಮೇಲೆ ಬ್ರೇಕ್ ಒತ್ತಿದರೆ ಸ್ಟೀರಿಂಗ್ ನಡುಗುತ್ತೆ ಅಂದೀರಿ. ಹೆಚ್ಚಾಗಿ ಏರ್ ಗನ್ ಹಿಡಿದು ಒಂದು ನಟ್ ಜಾಸ್ತಿ, ಇನ್ನೊಂದು ಕಡಿಮೆ ಬಿಗಿದಿರ್ತಾರೆ.

ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಹಾಕಿ, ಹಿಂದಿನ ಗಾಲಿಗೆ ಕಲ್ಲು ಕೊಡ್ರಿ. ಜಾಕ್ ಏರಿಸೋಕೆ ಮುಂಚೆನೇ ನಟ್ ಸ್ವಲ್ಪ ಸಡಿಲ ಮಾಡ್ಕೊಳ್ರಿ. ಗಾಲಿ ಬಿಚ್ಚಿದ ಮೇಲೆ ಹಬ್ (ರಿಮ್ ಕೂರುವ ಮಧ್ಯದ ಲೋಹದ ಭಾಗ) ನೋಡ್ರಿ: ನಮ್ಮ ಕಡೆ ಅದಿರಿನ ಕೆಂಪು ದೂಳು ತುಕ್ಕಿನ ಜೊತೆ ಸೇರಿ ಪದರ ಕಟ್ಟಿರುತ್ತೆ, ರಿಮ್ ಸರಿಯಾಗಿ ಕೂರೋದೇ ಇಲ್ಲ. ಹಬ್, ರಿಮ್‌ನ ಒಳಮುಖ ಎರಡನ್ನೂ ವೈರ್ ಬ್ರಷ್‌ನಿಂದ ಉಜ್ರಿ. ಸ್ಟಡ್‌ಗೆ, ಅಂದರೆ ನಟ್ ಕೂರುವ ಬೋಲ್ಟ್‌ಗೆ, ಆಯಿಲ್, ಗ್ರೀಸ್ ಬೇಡ. ಸವರಿದರೆ ಅದೇ ಬಲಕ್ಕೆ ನಟ್ ಅತಿಯಾಗಿ ಬಿಗಿದು ಸ್ಟಡ್ ಎಳೆದು ಉದ್ದವಾಗುತ್ತೆ.

ನಟ್‌ನ ಚೂಪು ಮಗ್ಗಲು ರಿಮ್ ಕಡೆಗಿರಲಿ. ಮೊದಲು ಬೆರಳಿಂದಲೇ ತಿರುಗಿಸ್ರಿ. ಬೆರಳಿಗೆ ಬರದಿದ್ದರೆ ಥ್ರೆಡ್ ಕೆಟ್ಟಿದೆ, ಪಾನಾ ಹಾಕಿ ಒತ್ತಾಯ ಮಾಡಬೇಡ್ರಿ. ಆಮೇಲೆ ಎದುರು-ಬದುರು ನಟ್ ಹಿಡಿದು ಹಗುರಾಗಿ ಬಿಗಿದು, ಗಾಲಿ ನೆಲಕ್ಕೆ ಇಳಿಸಿ, ಅದೇ ಕ್ರಮದಲ್ಲಿ ಎರಡು ಸುತ್ತು ಟಾರ್ಕ್ ರೆಂಚ್ (ಬಿಗಿ ಎಷ್ಟು ಅಂತ ಅಳೆಯೋ ಪಾನಾ) ಹಾಕ್ರಿ. ಆಲ್ಟೋಗೆ ಬಿಗಿಯ ಅಳತೆ 85 ನ್ಯೂಟನ್ ಮೀಟರ್. ಮ್ಯಾನುಯಲ್ ಒಮ್ಮೆ ತಾಳೆ ನೋಡ್ರಿ. ರೆಂಚ್ ಇಲ್ಲವಾ? ಒಂದು ಅಡಿ ಉದ್ದದ ಪಾನಾದ ತುದಿಯಲ್ಲಿ ಸುಮಾರು 28 ಕೆಜಿ ಒತ್ತಡ ಅಂದರೆ ಅಷ್ಟೇ ಆಗುತ್ತೆ. ಪಾನಾ ಮೇಲೆ ಹತ್ತಿ ನಿಲ್ಲೋದು ಮಾತ್ರ ಬೇಡ.

50–80 ಕಿ.ಮೀ. ಓಡಿಸಿ, ಗಾಲಿ ತಣ್ಣಗಾದ ಮೇಲೆ ಇನ್ನೊಮ್ಮೆ ಬಿಗಿ ನೋಡ್ರಿ. ಆಗಲೂ ನಡುಗಿದರೆ ಬ್ರೇಕ್ ಡಿಸ್ಕ್ ಸೊಟ್ಟಗಾಗಿರಬಹುದು, ಅದನ್ನ ಇಲ್ಲಿಂದ ಹೇಳೋಕಾಗಲ್ಲ. ಗ್ಯಾರೇಜ್‌ನಲ್ಲಿ ಡಯಲ್ ಗೇಜ್ (ಸೊಟ್ಟ ಎಷ್ಟು ಅಂತ ಅಳೆಯೋ ಉಪಕರಣ) ಇಟ್ಟು ನೋಡಿಸ್ರಿ.