ಮಂಜು ಕವಿದ ಬೆಳಿಗ್ಗೆ ಪಿಎಂ 2.5 (2.5 ಮೈಕ್ರಾನಿಗಿಂತ ಸಣ್ಣ ಕಣಗಳ) ಸೆನ್ಸರ್ ಘನ ಮೀಟರಿಗೆ 180 ಮೈಕ್ರೊಗ್ರಾಂ ತೋರಿಸುತ್ತಿದೆ. ಮಡಿಕೇರಿ ಕಡೆಯ ಗಾಳಿ ಅಷ್ಟು ಕೆಟ್ಟಿದೆಯೇ?

ಇಲ್ಲ. ಗಾಳಿಬೀಡಿನಲ್ಲಿ, ಜುಲೈನಲ್ಲಿ, ಪ್ಲಾಂಟವರ್ ಕಂಪನಿಯ ಲೇಸರ್ ಸೆನ್ಸರ್ ಸೂರಿನಡಿ ಇಟ್ಟಿದ್ದೇನೆ ಅಂತ ಬರೆದಿದ್ದೀರಿ. ಆ 180ರಲ್ಲಿ ಬಹುಪಾಲು ನೀರೇ.

ಈ ಸೆನ್ಸರ್ ಕಣಗಳನ್ನು ತೂಗುವುದಿಲ್ಲ. ಲೇಸರ್ ಬೆಳಕು ಎಷ್ಟು ಚದುರಿತು ಎಂಬುದರಿಂದ ತೂಕವನ್ನು ಅಂದಾಜು ಮಾಡುತ್ತದೆ. ತೇವಾಂಶ ಶೇ 80ರ ಆಸುಪಾಸು ತಲುಪಿದರೆ ಗಾಳಿಯಲ್ಲಿನ ಅಮೋನಿಯಂ ಸಲ್ಫೇಟ್ ಎಂಬ ಲವಣದ ಕಣಗಳು ನೀರು ಹೀರಿ ಉಬ್ಬುತ್ತವೆ. ಮಂಜಿನಲ್ಲಂತೂ ಹನಿಗಳೇ ಒಳಗೆ ನುಗ್ಗುತ್ತವೆ. ನಮ್ಮ ರಾಷ್ಟ್ರೀಯ ಮಾನದಂಡ (ಘನ ಮೀಟರಿಗೆ 24 ಗಂಟೆಯ ಸರಾಸರಿ 60, ವಾರ್ಷಿಕ 40 ಮೈಕ್ರೊಗ್ರಾಂ) ಈ ನೀರನ್ನು ಲೆಕ್ಕಕ್ಕೆ ಹಿಡಿದದ್ದಲ್ಲ. ಮಾಪನ ಕೇಂದ್ರಗಳಲ್ಲಿ ಬೀಟಾ ಕಿರಣದಿಂದ ಕಣಗಳ ತೂಕ ಅಳೆಯುವ ಯಂತ್ರದಲ್ಲಿ ಗಾಳಿ ಎಳೆಯುವ ಕೊಳವೆಗೆ ಹೀಟರ್ ಇರುವುದು ಇದಕ್ಕೇ.

ಮೊದಲು ಬಿಎಂಇ280 ತೇವಾಂಶ ಸೆನ್ಸರ್ ಒಂದನ್ನು ಪೆಟ್ಟಿಗೆಯ ಹೊರಗೆ, ಮಳೆ ತಾಗದ ಹಾಗೆ ಕಟ್ಟಿ. ಒಳಗಿಟ್ಟರೆ ಬೋರ್ಡಿನ ಬಿಸಿಗೆ ತೇವಾಂಶ ಕಡಿಮೆ ತೋರಿಸುತ್ತದೆ. ಎರಡನ್ನೂ ಒಂದೇ ಗ್ರಾಫಿನಲ್ಲಿ ಹಾಕಿ ನೋಡಿ: ಬಿಸಿಲೇರಿ ತೇವಾಂಶ ಇಳಿಯುತ್ತಿದ್ದಂತೆ ಪಿಎಂ ಕೂಡ ಜೊತೆಯಲ್ಲೇ ಕುಸಿದರೆ ಅದು ಬಹುಪಾಲು ನೀರಿನ ಆಟ. ಶೇ 85 ದಾಟಿದ ಗಂಟೆಗಳನ್ನು ನಾನಾದರೆ ಸರಾಸರಿಗೆ ಸೇರಿಸುವುದೇ ಇಲ್ಲ.

ಅಮೆರಿಕದ ಪರಿಸರ ಸಂಸ್ಥೆಯ ಸೂತ್ರ ಬಳಸಬಹುದೇ ಎಂದೂ ಕೇಳಿದ್ದೀರಿ. ರೀಡಿಂಗನ್ನು 0.524ರಿಂದ ಗುಣಿಸಿ, ತೇವಾಂಶದ 0.0862 ಪಟ್ಟು ಕಳೆದು, 5.75 ಕೂಡಿಸುವ ಸೂತ್ರ ಅದು. ಸಿಎಫ್‌1 ಎಂಬ ಕಾಲಂನಲ್ಲಿ ಸೆನ್ಸರ್ ಕೊಡುವ ಅಂಕಿಗೇ ಹಾಕಬೇಕು. ನಿಮ್ಮ 180ಕ್ಕೆ, ಶೇ 98 ತೇವಾಂಶದಲ್ಲಿ, ಸುಮಾರು 92 ಬರುತ್ತದೆ. ಅದೂ ಸುಳ್ಳೇ. ಮಂಜಿನ ಹನಿಯನ್ನು ಯಾವ ಸೂತ್ರವೂ ಒಣಗಿಸದು.

ಒಣಗಿಸಲೇಬೇಕೆಂದರೆ ಗಾಳಿ ಒಳಬರುವ ದಾರಿಗೆ ಲೋಹದ ಕೊಳವೆ ಹಾಕಿ ಬಿಸಿ ಮಾಡಿ. 20 ಡಿಗ್ರಿಯ ತೇವ ತುಂಬಿದ ಗಾಳಿ 30 ಡಿಗ್ರಿಗೆ ಏರಿದರೆ ಸಾಕು, ತೇವಾಂಶ ಶೇ 55ಕ್ಕೆ ಇಳಿಯುತ್ತದೆ. ಪ್ಲಾಸ್ಟಿಕ್ ಕೊಳವೆ ಬೇಡ, ಸ್ಥಿರವಿದ್ಯುತ್ತಿಗೆ ಕಣಗಳು ಗೋಡೆಗೆ ಅಂಟುತ್ತವೆ. ಕೊಳವೆ ಅಗಲವಾಗಿ, ಗಿಡ್ಡಗಿರಲಿ. ಸೆನ್ಸರಿನ ಪುಟ್ಟ ಫ್ಯಾನಿಗೆ ಎಳೆಯುವ ಶಕ್ತಿ ಕಡಿಮೆ. 50 ಡಿಗ್ರಿಯತ್ತ ಹೋದರೆ ಅಮೋನಿಯಂ ನೈಟ್ರೇಟ್, ಹೊಗೆಯ ಹಗುರ ಸಾವಯವ ಅಂಶ ಆವಿಯಾಗಿ ರೀಡಿಂಗ್ ಕಡಿಮೆ ಬರುತ್ತದೆ.

ನೀವು ನಿಜಕ್ಕೂ ಕಣ್ಣಿಡಬೇಕಾದದ್ದು ಜನವರಿಯಿಂದ ಮಾರ್ಚ್‌ವರೆಗಿನ ಸಂಜೆಗಳ ಮೇಲೆ. ಬಚ್ಚಲ ಹಂಡೆಯ ಸೌದೆ, ತೋಟದ ತರಗೆಲೆಗೆ ಹಚ್ಚಿದ ಬೆಂಕಿ, ಒಣಕಾಡಿನ ಕಿಚ್ಚು; ಗಾಳಿ ಆಡದ ರಾತ್ರಿ ಆ ಹೊಗೆ ಕಣಿವೆಯಲ್ಲೇ ನಿಲ್ಲುತ್ತದೆ. ಸೌದೆ ಹೊಗೆಯ ಕಣಗಳು ಬಹುತೇಕ 1 ಮೈಕ್ರಾನಿಗಿಂತ ಸಣ್ಣವು, ಶ್ವಾಸಕೋಶದ ಆಳಕ್ಕೆ ಇಳಿಯುವಂಥವು. ಒಣಹವೆಯಲ್ಲಿ 90 ಬಂದರೆ ಅದು ನೀರಲ್ಲ, ನಿಜವಾದ ಹೊಗೆ ಎಂದು ನಂಬಿ, ಮೇಲಿನ ಸೂತ್ರ ಹಾಕಿದ ಮೇಲೂ 50ರ ಹತ್ತಿರ ಉಳಿಯುತ್ತದೆ. ಅಷ್ಟರೊಳಗೆ ಸೆನ್ಸರನ್ನು ನಿಮ್ಮದೇ ಬಚ್ಚಲ ಹೊಗೆಗೂಡಿನಿಂದ ದೂರದ ಗೋಡೆಗೆ ಬದಲಾಯಿಸಿ.