ರೇಡಿಯೇಟರ್ ಹೊಸದು ಹಾಕಿದ್ಮೇಲೆ ಹೀಟರ್ ತಣ್ಣಗೆ, ಟೆಂಪರೇಚರ್ ಮುಳ್ಳು ಮೇಲಕ್ಕೆ

ಪ್ರಶ್ನೆ: ಸಾರ್ ನಮಸ್ಕಾರ. ನಮ್ಮದು ಹಳೇ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಹೋದ ತಿಂಗಳು ರೇಡಿಯೇಟರ್ ಲೀಕ್ ಆಗ್ತಿದೆ ಅಂತ ಹೊಸದು ಹಾಕಿಸಿದ್ವಿ, ಊರೊಳಗೆ ಓಡಿಸಿದ್ರೆ ಏನೂ ತೊಂದ್ರೆ ಇಲ್ಲ, ಆದ್ರೆ ಗುಂಡ್ಯದಿಂದ ಶಿರಾಡಿ ಘಾಟ್ ಹತ್ತುವಾಗ ಮುಳ್ಳು ದಿಢೀರ್ ಅಂತ ಮೇಲೆ ಹೋಗಿ ಮತ್ತೆ ತಾನಾಗೇ ಇಳಿಯುತ್ತೆ. ಸಕಲೇಶಪುರದ ಚಳೀಲಿ ಹೀಟರ್ ಹಾಕಿದ್ರೆ ತಣ್ಣನೆ ಗಾಳಿ, ಡ್ಯಾಶ್‌ಬೋರ್ಡ್ ಹಿಂದೆ ಗುಳುಗುಳು ಸದ್ದು. ಗ್ಯಾರೇಜಲ್ಲಿ ಕೇಳಿದ್ರೆ ಥರ್ಮೋಸ್ಟಾಟ್ ಕಿತ್ತು ಹಾಕಿದ್ರೆ ಸರಿಹೋಗುತ್ತೆ ಅಂತಾರೆ. ತೆಗೆಸ್ಲಾ?
— ಒಬ್ಬ ಓದುಗರು, ಹಾಸನ

ಉತ್ತರ: ದಯವಿಟ್ಟು ತೆಗೆಸ್ಬೇಡಿ. ಥರ್ಮೋಸ್ಟಾಟ್ ಅಂದ್ರೆ ಇಂಜಿನ್ ಬಿಸಿ ಆದ್ಮೇಲೆ ಕೂಲಂಟನ್ನ (ಇಂಜಿನ್ ತಣ್ಣಗಿಡೋ ದ್ರವ) ರೇಡಿಯೇಟರಿಗೆ ಬಿಡೋ ವಾಲ್ವ್. ನೀವು ಹೇಳಿರೋ ಮೂರೂ ಲಕ್ಷಣ ಒಂದೇ ಕಡೆ ಬೆರಳು ತೋರಿಸ್ತಿವೆ, ಕೂಲಂಟ್ ತುಂಬುವಾಗ ಒಳಗಿದ್ದ ಗಾಳಿ ಪೂರ್ತಿ ಆಚೆ ಬಂದಿಲ್ಲ, ಏರ್ ಲಾಕ್ ಆಗಿದೆ. ಗಾಳಿ ಯಾವಾಗ್ಲೂ ಎತ್ತರದ ಜಾಗ ಹುಡುಕ್ಕೊಂಡು ಹೋಗಿ ಕೂರುತ್ತೆ, ಅಂದ್ರೆ ಡ್ಯಾಶ್‌ಬೋರ್ಡ್ ಹಿಂದಿರೋ ಹೀಟರ್ ಕಾಯಿಲ್, ಥರ್ಮೋಸ್ಟಾಟ್ ಹೌಸಿಂಗ್, ಇಂಜಿನ್ ಮೇಲೆ ಮುಚ್ಚಳದ ಹಾಗೆ ಕೂರೋ ಸಿಲಿಂಡರ್ ಹೆಡ್ಡಿನ ಮೇಲ್ಭಾಗ. ಹೀಟರ್ ಕಾಯಿಲಿಗೆ ಬಿಸಿ ಕೂಲಂಟೇ ಹೋಗದಿದ್ರೆ ಬಿಸಿಗಾಳಿ ಎಲ್ಲಿಂದ ಬರ್ಬೇಕು? ವಾಟರ್ ಪಂಪಿಗೂ ಅದೇ ಕಷ್ಟ, ಅದರ ರೆಕ್ಕೆ ನೀರನ್ನ ತಳ್ಳುತ್ತೆ, ಮಧ್ಯದಲ್ಲಿ ಗಾಳಿ ಸೇರ್ಕೊಂಡ್ರೆ ಸುಮ್ನೆ ತಿರುಗುತ್ತೆ ಅಷ್ಟೇ.

ಇದ್ರಲ್ಲಿ ನನಗೆ ತುಂಬಾ ಭಯ ಹುಟ್ಟಿಸೋದು ಮುಳ್ಳಿನ ವಿಷಯ. ಟೆಂಪರೇಚರ್ ಸೆನ್ಸರ್ ಕೂಲಂಟಲ್ಲಿ ಮುಳುಗಿದ್ರೆ ಮಾತ್ರ ಸರಿಯಾಗಿ ಓದುತ್ತೆ. ಅದರ ಸುತ್ತ ಗಾಳಿ ಇದ್ರೆ ಹೆಡ್ ಸುಡ್ತಿದ್ರೂ ಮುಳ್ಳು ನಾರ್ಮಲ್ ಅಂತ್ಲೇ ತೋರಿಸಬಹುದು, ಆಮೇಲೆ ಹಬೆ ತಗುಲಿದ ತಕ್ಷಣ ಒಂದೇ ಸಲ ಜಿಗಿಯುತ್ತೆ. ಹಾಗಾಗಿ ಮುಳ್ಳು ಇಳೀತು ಅಂತ ಸಮಾಧಾನ ಮಾಡ್ಕೊಂಡು ಘಾಟ್ ಹತ್ತಬೇಡಿ. ಗಾಳಿ ತೆಗೆಸೋವರೆಗೂ ಆ ದಾರಿ ಬೇಡ.

ಈಗ ತೆಗೆಯೋದು ಹೇಗೆ ಅಂತ. ಇಂಜಿನ್ ಪೂರ್ತಿ ಆರಿರಬೇಕು, ರಾತ್ರಿ ನಿಲ್ಸಿ ಬೆಳಗ್ಗೆ ಶುರು ಮಾಡೋದು ಒಳ್ಳೇದು. ಬಿಸಿ ಇರುವಾಗ ಕ್ಯಾಪ್ ಮುಟ್ಟಲೇಬೇಡಿ, ಯಾಕಂದ್ರೆ ಒಳಗೆ ಒತ್ತಡ ಇರೋದ್ರಿಂದ ಅರ್ಧ ಕೂಲಂಟ್ ಅರ್ಧ ನೀರಿನ ಮಿಶ್ರಣ 120 ಡಿಗ್ರಿ ದಾಟಿದ ಮೇಲೇ ಕುದಿಯೋದು, ಕ್ಯಾಪ್ ತೆಗೆದ ತಕ್ಷಣ ಒತ್ತಡ ಹೋಗಿ ಎಲ್ಲಾ ಒಟ್ಟಿಗೇ ಕುದ್ದು ಮುಖಕ್ಕೆ ಚಿಮ್ಮುತ್ತೆ. ಈ ಸುಟ್ಟ ಗಾಯ ಸಣ್ಣದಲ್ಲ.

ನಿಮ್ಮ ಕಾರಲ್ಲಿ ಕ್ಯಾಪ್ ರೇಡಿಯೇಟರ್ ಮೇಲೇ ಇದ್ರೆ ಮುಂದಿನ ಚಕ್ರ ಸ್ವಲ್ಪ ಏರಿನ ಮೇಲೆ ಇರೋ ಹಾಗೆ ನಿಲ್ಸಿ, ಆಗ ಕೂಲಂಟ್ ಹಾಕೋ ಬಾಯಿ ಎತ್ತರಕ್ಕೆ ಬಂದು ಗಾಳಿಗೆ ದಾರಿ ಸಿಗುತ್ತೆ. ಕ್ಯಾಪ್ ಇಂಜಿನ್ ಹಿಂಭಾಗದ ಪ್ಲಾಸ್ಟಿಕ್ ಟ್ಯಾಂಕಲ್ಲಿದ್ರೆ ಸಮತಟ್ಟು ಜಾಗವೇ ಸರಿ. ಹ್ಯಾಂಡ್‌ಬ್ರೇಕ್ ಹಾಕಿ, ಚಕ್ರಕ್ಕೆ ಕಲ್ಲು ಕೊಡಿ. ಹೀಟರ್ ಪೂರ್ತಿ ಬಿಸಿ ಕಡೆಗಿಟ್ಟು ಬ್ಲೋಯರ್ ಒಂದರಲ್ಲಿಡಿ. ಕೆಲವು ಕಾರಲ್ಲಿ ಥರ್ಮೋಸ್ಟಾಟ್ ಹೌಸಿಂಗ್ ಮೇಲೆ ಅಥವಾ ಹೀಟರ್ ಪೈಪಿನ ಮೇಲೆ ಚಿಕ್ಕ ಬ್ಲೀಡ್ ಸ್ಕ್ರೂ ಇರುತ್ತೆ, ಇದ್ರೆ ಸಡಿಲ ಮಾಡಿ, ಕೂಲಂಟ್ ಗುಳ್ಳೆ ಇಲ್ದೆ ಒಂದೇ ಧಾರೆಯಾಗಿ ಬಂದಾಗ ಬಿಗಿ ಮಾಡಿ. ಕೂಲಂಟ್ ನಿಧಾನಕ್ಕೆ ಹುಯ್ಯಿರಿ, ಮೇಲಿನ ದಪ್ಪ ಹೋಸನ್ನ ಕೈಯಲ್ಲಿ ಹಿಚುಕ್ತಾ ಇರಿ, ಪ್ರತಿ ಹಿಚುಕಿಗೂ ಬಾಯಲ್ಲಿ ಗುಳ್ಳೆ ಬಂದು ಮಟ್ಟ ಒಂದು ಚೂರು ಇಳಿಯೋದು ಕಣ್ಣಿಗೇ ಕಾಣುತ್ತೆ.

ಆಮೇಲೆ ಕ್ಯಾಪ್ ತೆಗೆದೇ ಇಂಜಿನ್ ಸ್ಟಾರ್ಟ್ ಮಾಡಿ ಐಡಲಲ್ಲಿ ಬಿಡಿ. ಇಲ್ಲೇ ಎಲ್ಲರೂ ಅವಸರ ಮಾಡೋದು. ಐದು ನಿಮಿಷ ನೋಡಿ ಗುಳ್ಳೆ ನಿಂತ್ಹೋಯ್ತು ಅಂತ ಕ್ಯಾಪ್ ಮುಚ್ತಾರೆ, ಆದ್ರೆ ಥರ್ಮೋಸ್ಟಾಟ್ ಸಾಮಾನ್ಯವಾಗಿ 82ರಿಂದ 88 ಡಿಗ್ರಿಗೆ ಬಂದ್ಮೇಲೇ ಬಾಯಿ ಬಿಡೋದು, ಅಲ್ಲೀವರೆಗೂ ಅದರ ಹಿಂದಿರೋ ಗಾಳಿ ಹೊರಗೆ ಬರೋ ಹಾಗೇ ಇಲ್ಲ. ಅದು ತೆರೆದಾಗ ಮೇಲಿನ ಹೋಸ್ ಥಟ್ಟನೆ ಬಿಸಿ ಆಗುತ್ತೆ, ಮಟ್ಟ ಸರಕ್ಕನೆ ಇಳಿಯುತ್ತೆ, ದೊಡ್ಡ ಗುಳ್ಳೆ ಬರುತ್ತೆ. ತುಂಬಿಸಿ. ಆಗಾಗ ಆಕ್ಸಿಲರೇಟರ್ ಸ್ವಲ್ಪ ಕೊಟ್ಟು 2000 ಆರ್‌ಪಿಎಮ್ ವರೆಗೆ ಏರಿಸಿ ಬಿಡಿ, ಆದ್ರೆ ಬಾಯಿಂದ ಮುಖ ದೂರ ಇರ್ಲಿ, ಕೈಗೆ ಗ್ಲೌಸ್ ಇರ್ಲಿ. ಫ್ಯಾನ್ ಎರಡು ಸಲ ಆನ್ ಆಗಿ ಆಫ್ ಆಗಿ, ಹೀಟರಲ್ಲಿ ಒಳ್ಳೇ ಬಿಸಿಗಾಳಿ ಬಂದ್ರೆ ಕೆಲಸ ಆಯ್ತು, ಕ್ಯಾಪ್ ಹಾಕಿ. ಮಧ್ಯದಲ್ಲಿ ಮುಳ್ಳು ಏರಿದ್ರೆ ತಕ್ಷಣ ಆಫ್ ಮಾಡಿ. ಮಾರನೇ ದಿನ ತಣ್ಣಗಿರುವಾಗ ಮತ್ತೆ ಮಟ್ಟ ನೋಡಿ, ಸ್ವಲ್ಪ ಇಳಿದಿರುತ್ತೆ, ತುಂಬಿಸಿ. ಹೊಸ ಕಾರುಗಳಲ್ಲಿ ಕ್ಯಾಪ್ ಮುಚ್ಚೇ ಮಾಡೋ ವಿಧಾನ, ವ್ಯಾಕ್ಯೂಮ್ ಹಾಕಿ ತುಂಬೋ ವಿಧಾನ ಎಲ್ಲಾ ಇದೆ, ಅಂಥದ್ದಾದ್ರೆ ಮ್ಯಾನ್ಯುಯಲ್ ಹೇಳಿದ ಹಾಗೇ ಮಾಡ್ಬೇಕು.

ಇನ್ನೊಂದು ಸುಲಭದ ಲೆಕ್ಕ ಇದೆ. ಪೂರ್ತಿ ಖಾಲಿ ಮಾಡಿದಾಗ 5 ಲೀಟರ್ ಬಂದು ತುಂಬುವಾಗ ಮೂರೂವರೆ ಲೀಟರಿಗೇ ಫುಲ್ ಆದ್ರೆ ಉಳಿದ ಒಂದೂವರೆ ಲೀಟರ್ ಜಾಗದಲ್ಲಿ ಗಾಳೀನೇ ಇರೋದು. ಗ್ಯಾರೇಜಲ್ಲಿ ಎಷ್ಟು ಹಾಕಿದ್ರಿ ಅಂತ ಕೇಳಿ.

ಥರ್ಮೋಸ್ಟಾಟ್ ತೆಗೆದ್ರೆ ಇಂಜಿನ್ ಬಿಸಿ ಆಗೋಕೇ ತಡ ಆಗುತ್ತೆ, ಮೈಲೇಜ್ ಬೀಳುತ್ತೆ, ಸವೆತ ಜಾಸ್ತಿ, ಕೆಲವು ಇಂಜಿನಲ್ಲಂತೂ ಬೈಪಾಸ್ ದಾರಿ ತೆರೆದೇ ಉಳಿದು ಅರ್ಧ ಕೂಲಂಟ್ ರೇಡಿಯೇಟರಿಗೇ ಹೋಗದೆ ವಾಪಸ್ ಬರುತ್ತೆ, ಏರು ಹತ್ತುವಾಗ ಇನ್ನೂ ಬಿಸಿ. ಕೆಟ್ಟಿದ್ರೆ ಹೊಸದು ಹಾಕಿಸಿ, ಖಾಲಿ ಬಿಡಿಸ್ಬೇಡಿ.

ಪ್ರಶ್ನೆ: ಕೂಲಂಟ್ ಜೊತೆ ಮನೆ ಬೋರ್‌ವೆಲ್ ನೀರು ಹಾಕ್ಬಹುದಾ?
— ಕೋಲಾರದಿಂದ

ಉತ್ತರ: ಬೇಡ. ಪಾತ್ರೆ ತಳದಲ್ಲಿ ಕಟ್ಟೋ ಬಿಳಿ ಸುಣ್ಣವೇ ರೇಡಿಯೇಟರ್ ಸಣ್ಣ ಕೊಳವೆಯಲ್ಲೂ ಕಟ್ಟುತ್ತೆ. ಬ್ಯಾಟರಿಗೆ ಹಾಕೋ ಡಿಸ್ಟಿಲ್ಡ್ ವಾಟರ್ ತಗೊಳ್ಳಿ. ಹಳೇ ಕೂಲಂಟನ್ನ ಅಂಗಳದಲ್ಲಿ ಚೆಲ್ಲಬೇಡಿ, ಅದು ಸಿಹಿಯಾಗಿರುತ್ತೆ, ನಾಯಿ ನೆಕ್ಕಿದ್ರೆ ಕಿಡ್ನಿ ಹೋಗಿ ಸಾಯುತ್ತೆ.

ಪ್ರಶ್ನೆ: ಎಷ್ಟು ಸಲ ಗಾಳಿ ತೆಗೆದ್ರೂ ಮತ್ತೆ ಸೇರ್ಕೊಳ್ಳುತ್ತೆ, ಯಾಕೆ ಸಾರ್?
— ಶಿವಮೊಗ್ಗದಿಂದ

ಉತ್ತರ: ಮೊದ್ಲು ರೇಡಿಯೇಟರ್ ಕ್ಯಾಪ್ ರಬ್ಬರ್ ನೋಡಿ. ಇಂಜಿನ್ ಆರುವಾಗ ಪಕ್ಕದ ಬಾಟಲಿಂದ ಕೂಲಂಟ್ ವಾಪಸ್ ಎಳ್ಕೊಳ್ಳಬೇಕು, ರಬ್ಬರ್ ಹೋಗಿದ್ರೆ ಗಾಳಿ ಎಳ್ಕೊಳ್ಳುತ್ತೆ. ಕ್ಯಾಪ್ ಮೇಲೆ ಬರೆದಿರೋ 0.9 ಅಥವಾ 1.1 ಅನ್ನೋ ಒತ್ತಡದ ನಂಬರ್ ನೋಡಿ ಅದೇ ತರಿಸಿ. ಆಮೇಲೆ ಹೋಸ್ ಕ್ಲಿಪ್‌ಗಳು, ವಾಟರ್ ಪಂಪ್. ಎಲ್ಲಾ ಸರಿ ಇದ್ದೂ, ತಣ್ಣನೆ ಇಂಜಿನ್ ಸ್ಟಾರ್ಟ್ ಮಾಡಿ ಒಂದೆರಡು ನಿಮಿಷಕ್ಕೇ ಮೇಲಿನ ಹೋಸ್ ಕಲ್ಲಿನಂಗೆ ಗಟ್ಟಿ ಆದ್ರೆ, ಗುಳ್ಳೆ ನಿಲ್ಲೋದೇ ಇಲ್ಲ ಅಂದ್ರೆ, ಹೆಡ್ ಗ್ಯಾಸ್ಕೆಟ್ (ಹೆಡ್ಡಿಗೂ ಇಂಜಿನ್ ಬ್ಲಾಕಿಗೂ ಮಧ್ಯೆ ಇರೋ ಸೀಲ್) ಮೇಲೆ ಅನುಮಾನ ಪಡಿ. ಸಿಲಿಂಡರಿನ ಹೊಗೆ ಕೂಲಂಟಿಗೆ ನುಗ್ತಿರುತ್ತೆ. ಅದಕ್ಕೆ ಬ್ಲಾಕ್ ಟೆಸ್ಟ್ ಅಂತ ಇದೆ, ರೇಡಿಯೇಟರ್ ಬಾಯಿಂದ ಬರೋ ಗಾಳೀನ ನೀಲಿ ದ್ರವದ ಮೂಲಕ ಹಾಯಿಸ್ತಾರೆ, ಆ ದ್ರವ ಹಳದಿ ಆದ್ರೆ ಗ್ಯಾಸ್ಕೆಟ್ ಹೋಗಿದೆ ಅಂತ ಅರ್ಥ. ಹೆಡ್ ಬಿಚ್ಚೋ ಮುಂಚೆ ಈ ಟೆಸ್ಟ್ ಮಾಡ್ಲೇಬೇಕು ಅಂತ ಹಠ ಹಿಡೀರಿ, ಮಾಡೋಕೆ ಹತ್ತು ನಿಮಿಷ ಸಾಕು.